19ನೇ ಗೇಟಿನ ಅವಳಿ ಯಾವುದು?

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಅವತ್ತಿನಿಂದ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ 19 ಅಂದರೆ ಸಣ್ಣ ಮಕ್ಕಳಿಗೂ ಗೊತ್ತು. ಗಂಗಾವತಿಯ ಭತ್ತದ ಗದ್ದೆಯವರು, ಸಿಂಧನೂರು, ಮಾನ್ವಿ ಕಡೆಯ ಕಾಲುವೆ ಕೆಳಭಾಗದ ರೈತರು, ಎಲ್ಲರ ಬಾಯಲ್ಲೂ ಅದೇ ಸಂಖ್ಯೆ. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದ ಮೇಲೆ ಊರು ಉಸಿರು ಬಿಟ್ಟಿತು.

ಆ ಗದ್ದಲ ತಣ್ಣಗಾದ ಮೇಲೆ ಒಂದು ಭಾನುವಾರ ಮುನಿರಾಬಾದ್ ಕಡೆಯಿಂದ ಡ್ಯಾಮ್ ನೋಡಲು ಹೋಗಿದ್ದೆವು. ಜೊತೆಗೆ ಎಂಟನೇ ಕ್ಲಾಸಿನ ನಮ್ಮ ಅಕ್ಕನ ಮಗಳು. ಎಲ್ಲರೂ 19ನೇ ಗೇಟು ಯಾವುದು ಅಂತ ಹುಡುಕುತ್ತಿದ್ದರೆ ಇವಳ ಲೆಕ್ಕವೇ ಬೇರೆ. "ಮಾಮಾ, 19 ಅವಿಭಾಜ್ಯ ಸಂಖ್ಯೆ ಅಲ್ಲೇನು? ಈಚಿಗಿನ 17ನೂ ಅವಿಭಾಜ್ಯನ. ನಡುವ 18 ಒಂದ ಅಡ್ಡ ಐತಿ. ಇಂಥಾ ಜೋಡಿ 33 ಗೇಟಿನಾಗ ಎಷ್ಟ ಅದಾವ?"

ಎಣಿಸಿದೆವು. 3 ಮತ್ತು 5, 5 ಮತ್ತು 7, 11 ಮತ್ತು 13, 17 ಮತ್ತು 19, 29 ಮತ್ತು 31. ಒಟ್ಟು ಐದು ಜೋಡಿ. ಇವನ್ನೇ ಗಣಿತದಲ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳು ಅನ್ನುತ್ತಾರೆ. ಅವುಗಳ ನಡುವಿನ ಅಂತರ ಸರಿಯಾಗಿ 2.

ಅವಿಭಾಜ್ಯ ಅಂದರೇನು ಅಂತ ಮರೆತವರಿಗೆ ಒಂದು ಮಾತು. ನಮ್ಮ ಕಡೆ ರೈಸ್ ಮಿಲ್ಲುಗಳಲ್ಲಿ ಹಮಾಲರು ಚೀಲ ಒಟ್ಟುವುದನ್ನು ನೋಡಿರುತ್ತೀರಿ. 12 ಚೀಲ ಇದ್ದರೆ ನಾಲ್ಕರಂತೆ ಮೂರು ಸಾಲು ಮಾಡಬಹುದು, ಆರರಂತೆ ಎರಡು ಸಾಲು ಮಾಡಬಹುದು. 13 ಚೀಲ ಕೊಟ್ಟು ನೋಡಿ. ಒಂದೇ ಉದ್ದ ಸಾಲು, ಇಲ್ಲ ಅಂದರೆ ಒಂದಾದರೂ ಚೀಲ ಹೊರಗೆ ಉಳಿಯುತ್ತದೆ. ಹೀಗೆ ಸಮ ಸಾಲುಗಳಿಗೆ ಬಗ್ಗದ ಸಂಖ್ಯೆ ಅವಿಭಾಜ್ಯ. ಬಗ್ಗುವುದು ಸಂಯುಕ್ತ ಸಂಖ್ಯೆ. 1 ಎರಡಕ್ಕೂ ಸೇರುವುದಿಲ್ಲ.

ಗಮನಿಸಿ: ಸಾಲು ಮಾಡುವುದು ಅಂದರೆ ಗುಣಾಕಾರ. ಅವಿಭಾಜ್ಯ ಸಂಖ್ಯೆಗಳು ಹುಟ್ಟಿದ್ದೇ ಗುಣಾಕಾರದ ಮನೆಯಲ್ಲಿ. ಅವುಗಳ ನಡುವೆ 2ರ ಅಂತರ ಇದೆಯಾ, ಕೂಡಿದರೆ ಎಷ್ಟು ಬರುತ್ತದೆ ಅಂತ ಕೇಳುವುದು ಕೂಡಿಸುವ, ಕಳೆಯುವ ಮನೆಯ ಮಾತು. ಈ ಎರಡು ಮನೆಗಳ ನಡುವೆ ಬೀಗತನ ಸುಲಭವಲ್ಲ. ಅವಳಿಗಳ ಬಗ್ಗೆ ಕೆಲವು ಸಂಗತಿಗಳನ್ನು ಎಂಟನೇ ಕ್ಲಾಸಿನ ಹುಡುಗಿ ಐದು ನಿಮಿಷದಲ್ಲಿ ಸಾಧಿಸಬಹುದು. ಇನ್ನು ಕೆಲವು ದೊಡ್ಡ ದೊಡ್ಡವರಿಗೂ ಇವತ್ತಿಗೂ ದಕ್ಕಿಲ್ಲ. ಎರಡೂ ಒಂದೇ ಜಾಗದಲ್ಲಿ ಅಕ್ಕಪಕ್ಕ ಕೂತಿವೆ. ನನಗೆ ಈ ವಿಷಯ ಇಷ್ಟವಾಗಲು ಅದೇ ಕಾರಣ.

ಮೊದಲು ಸುಲಭದ್ದು. ಅವಳಿಗಳನ್ನು ಕೂಡಿ ನೋಡಿ. 5+7=12. 11+13=24. 17+19=36. 29+31=60. 41+43=84. 59+61=120. 71+73=144. ಏನಾದರೂ ಕಾಣುತ್ತಾ? ಸಂತೆಯಲ್ಲಿ ಬಾಳೆಹಣ್ಣು ಡಜನ್ ಲೆಕ್ಕದಲ್ಲಿ ಕೊಡುತ್ತಾರಲ್ಲ, ಹಾಗೆ ಎಲ್ಲವೂ ಪೂರ್ತಿ ಡಜನ್. ಒಂದು, ಎರಡು, ಮೂರು, ಐದು, ಏಳು, ಹತ್ತು, ಹನ್ನೆರಡು ಡಜನ್. ಚಿಲ್ಲರೆ ಹಣ್ಣು ಒಂದೂ ಇಲ್ಲ. 3+5=8 ಮಾತ್ರ ಈ ಲೆಕ್ಕದ ಹೊರಗೆ.

ಯಾಕೆ ಹೀಗೆ? ಯಾವುದೇ ಸಂಖ್ಯೆಯನ್ನು 6ರಿಂದ ಭಾಗಿಸಿದರೆ ಶೇಷ 0, 1, 2, 3, 4 ಅಥವಾ 5 ಬರಬೇಕು. ಶೇಷ 0, 2, 4 ಬಂದರೆ ಅದು ಸಮಸಂಖ್ಯೆ. 3 ಬಂದರೆ 3ರಿಂದ ಭಾಗ ಹೋಗುತ್ತದೆ. ಹಾಗಾಗಿ 3ಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆಗೆ ಉಳಿದಿರುವುದು ಎರಡೇ ಜಾಗ: ಶೇಷ 1 ಅಥವಾ 5. ಅಂದರೆ ಅದು 6ರ ಮಗ್ಗಿಯಲ್ಲಿ ಬರುವ ಒಂದು ಸಂಖ್ಯೆಗೆ ಒಂದು ಹಿಂದೆ ಇರಬೇಕು, ಇಲ್ಲವೇ ಒಂದು ಮುಂದೆ ಇರಬೇಕು. ಅವಳಿಗಳ ನಡುವಿನ ಅಂತರ 2 ಆಗಬೇಕಾದರೆ ಇಬ್ಬರೂ ಒಂದೇ ಸಂಖ್ಯೆಯ ಆಚೆ ಈಚೆ ನಿಲ್ಲಬೇಕು. 17, 18, 19. ನಡುವಿನ 18 ಆರರ ಮಗ್ಗಿಯದ್ದು. ಒಂದು ಅದಕ್ಕಿಂತ ಒಂದು ಕಡಿಮೆ, ಇನ್ನೊಂದು ಒಂದು ಜಾಸ್ತಿ. ಕೂಡಿದಾಗ ಕಡಿಮೆ, ಜಾಸ್ತಿ ಎರಡೂ ವಜಾ ಆಗಿ 18ರ ಎರಡರಷ್ಟು ಉಳಿಯುತ್ತದೆ. ಆರರ ಮಗ್ಗಿಯ ಎರಡರಷ್ಟು ಅಂದರೆ ಹನ್ನೆರಡರ ಮಗ್ಗಿ. ಮುಗಿಯಿತು. ಕೋಟಿ ಕೋಟಿ ದಾಟಿದ ಅವಳಿ ಸಿಕ್ಕರೂ ಅದರ ಮೊತ್ತ ಪೂರ್ತಿ ಡಜನ್ನೇ. ಕೂಡಿ ನೋಡುವ ಗೋಜೇ ಬೇಡ.

ಹುಡುಗಿ ಇಲ್ಲಿಗೆ ಬಿಡಲಿಲ್ಲ. "ಹಂಗಾದ್ರ ಒಂದರ ಮುಂದ ಒಂದು ಬರೋ ಎರಡು ಅವಿಭಾಜ್ಯ ಕೂಡಿದಾಗ ಡಜನ್ ಬಂದ್ರ ಅವು ಅವಳಿನೇ ಆಗಿರ್ತಾವೇನು?" ಅಂದಳು. ಒಳ್ಳೆಯ ಪ್ರಶ್ನೆ. ತಿರುಗಿಸಿ ಕೇಳುವುದು ಗಣಿತದ ಅರ್ಧ ಕೆಲಸ. 7+11=18, ಡಜನ್ ಅಲ್ಲ. 13+17=30, ಅಲ್ಲ. 23+29=52, ಅಲ್ಲ. 89+97=186, ಅದೂ ಅಲ್ಲ. ನೂರರವರೆಗೆ ಅವಳಿ ಬಿಟ್ಟು ಬೇರೆ ಯಾರೂ ಡಜನ್ ಕೊಡುವುದಿಲ್ಲ. ಇಷ್ಟು ನೋಡಿದರೆ ಯಾರಾದರೂ ಹೌದು ಅಂದುಬಿಡುತ್ತಾರೆ. ನಾನೂ ಅಂದೇಬಿಟ್ಟೆ.

ತಪ್ಪು. 113ರ ನಂತರದ ಅವಿಭಾಜ್ಯ ಸಂಖ್ಯೆ 127. ನಡುವೆ ಒಂದೂ ಇಲ್ಲ. ಕೂಡಿದರೆ 240, ಸರಿಯಾಗಿ ಇಪ್ಪತ್ತು ಡಜನ್. ಅಂತರ ಮಾತ್ರ 14. ಇಲ್ಲಿ 113 ಅನ್ನುವುದು 114ಕ್ಕೆ ಒಂದು ಹಿಂದೆ, 127 ಅನ್ನುವುದು 126ಕ್ಕೆ ಒಂದು ಮುಂದೆ. ಹಿಂದೆ ಒಂದು, ಮುಂದೆ ಒಂದು, ಮತ್ತೆ ವಜಾ. ನಡುವೆ ಜಾಗ ಎಷ್ಟಿದ್ದರೇನು! ಸ್ವಲ್ಪ ಮುಂದೆ ಹೋದರೆ 139+149=288 ಕೂಡ ಹೀಗೆಯೇ. ಹಾಗಾಗಿ ಅವಳಿ ಆದರೆ ಡಜನ್ ಖಾತ್ರಿ. ಡಜನ್ ಬಂದರೆ ಅವಳಿ ಅಂತ ಖಾತ್ರಿ ಇಲ್ಲ. ಹುಡುಗಿಗೆ ನಾನು ಕೊಟ್ಟ ಉತ್ತರವನ್ನು ಬಸ್ಸಿನಲ್ಲಿ ವಾಪಸ್ ತಗೊಳ್ಳಬೇಕಾಯಿತು.

ಕೊನೆಯ ಅಂಕಿಯಲ್ಲೂ ಒಂದು ಗುಟ್ಟಿದೆ. 7ಕ್ಕಿಂತ ಮುಂದಿನ ಅವಳಿಗಳು 1 ಮತ್ತು 3, 7 ಮತ್ತು 9, ಅಥವಾ 9 ಮತ್ತು 1ರಲ್ಲಿ ಮಾತ್ರ ಮುಗಿಯುತ್ತವೆ. 3ರಲ್ಲಿ ಮುಗಿದರೆ ಮುಂದಿನದು 5ರಲ್ಲಿ ಮುಗಿಯಬೇಕು, ಅದು 5ರಿಂದ ಭಾಗ ಹೋಗುತ್ತದೆ. ಹಾಗೆಯೇ 5, 7 ಅಂತ ಮುಗಿಯುವ ಜೋಡಿಗೂ ಜಾಗವಿಲ್ಲ. ಇನ್ನು 3, 5, 7ರಂತೆ ಮೂರು ಒಟ್ಟಿಗೆ ಬರುವುದು ಜಗತ್ತಿನಲ್ಲಿ ಒಂದೇ ಸಲ. ಎರಡೆರಡು ಜಿಗಿದು ಮೂರು ಸಂಖ್ಯೆ ಹಿಡಿದರೆ ಅದರಲ್ಲಿ ಒಂದು 3ರ ಮಗ್ಗಿಯದ್ದೇ ಆಗಿರುತ್ತದೆ. ಆ ಒಂದು 3 ಆಗಿದ್ದರೆ ಮಾತ್ರ ಬಚಾವು.

ಈಗ ಕಷ್ಟದ್ದು. ಅವಳಿಗಳು ಎಲ್ಲಿಯವರೆಗೆ ಸಿಗುತ್ತವೆ? ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಅಂತ ಸುಮಾರು 2300 ವರ್ಷಗಳ ಹಿಂದೆಯೇ ಯೂಕ್ಲಿಡ್ ತೋರಿಸಿದ. ಅವಳಿಗಳಿಗೂ ಕೊನೆಯಿಲ್ಲ ಅಂತ ಎಲ್ಲರೂ ನಂಬಿದ್ದಾರೆ. ಸಾಧನೆ, ಅಂದರೆ ಗಣಿತದ ಪುರಾವೆ, ಮಾತ್ರ ಇಲ್ಲ. 1849ರಲ್ಲಿ ಫ್ರಾನ್ಸಿನ ಡಿ ಪೊಲಿನ್ಯಾಕ್ ಇನ್ನೂ ದೊಡ್ಡ ಊಹೆಯನ್ನೇ ಮುಂದಿಟ್ಟ: ಯಾವ ಸಮಸಂಖ್ಯೆ ಹೇಳಿದರೂ ಅಷ್ಟು ಅಂತರದಲ್ಲಿ ಅಕ್ಕಪಕ್ಕ ಬರುವ ಅವಿಭಾಜ್ಯ ಜೋಡಿಗಳು ಲೆಕ್ಕವಿಲ್ಲದಷ್ಟು ಇವೆ ಅಂತ. 2 ಅಂತ ಹೇಳಿದರೆ ಅದೇ ನಮ್ಮ ಅವಳಿ ಪ್ರಶ್ನೆ.

ಅಂಕಿಅಂಶ ನೋಡಿ. ನೂರರೊಳಗೆ 25 ಅವಿಭಾಜ್ಯ ಸಂಖ್ಯೆ, 8 ಅವಳಿ ಜೋಡಿ. ಸಾವಿರದೊಳಗೆ 168, ಜೋಡಿ 35. ಹತ್ತು ಲಕ್ಷದೊಳಗೆ 78,498, ಜೋಡಿ 8,169. ಮುಂದೆ ಹೋದಂತೆ ಎರಡೂ ಅಪರೂಪವಾಗುತ್ತವೆ. ಅವಳಿಗಳು ಇನ್ನೂ ಬೇಗ ಅಪರೂಪವಾಗುತ್ತವೆ.

ಕಾರಣ ಜರಡಿಯಲ್ಲಿದೆ. ಸಂಖ್ಯೆಗಳನ್ನೆಲ್ಲ ಸಾಲಾಗಿ ಹರಡಿ, 2ರ ಮಗ್ಗಿಯವನ್ನು ತೆಗೆದುಹಾಕಿ, ಆಮೇಲೆ 3ರದ್ದು, ಆಮೇಲೆ 5ರದ್ದು. ಭತ್ತ ಹಸನು ಮಾಡಿದ ಹಾಗೆ ಒಂದೊಂದು ಜರಡಿಗೂ ಒಂದಿಷ್ಟು ಉದುರುತ್ತದೆ. ಮೂರು ಜರಡಿ ಮುಗಿಯುವ ಹೊತ್ತಿಗೆ ಪ್ರತಿ 30 ಸಂಖ್ಯೆಯಲ್ಲಿ 8 ಮಾತ್ರ ಉಳಿಯುತ್ತವೆ. ಜೋಡಿಯಾಗಿ ಉಳಿಯಬೇಕು ಅಂದರೆ ಇಬ್ಬರೂ ಪ್ರತಿ ಜರಡಿಯಲ್ಲೂ ಪಾಸಾಗಬೇಕು, ಹಾಗಾಗಿ ಪ್ರತಿ 30ಕ್ಕೆ ಮೂರೇ ಜೋಡಿಗೆ ಜಾಗ. ಆ ಮೂರು ಜಾಗ ಯಾವುವು ಗೊತ್ತಾ? 11-13, 17-19, 29-31. ನಮ್ಮ ಡ್ಯಾಮಿನ ಗೇಟುಗಳೇ. 7ರ ಮುಂದೆ ಎಷ್ಟೇ ದೊಡ್ಡ ಅವಳಿ ಹುಡುಕಿದರೂ ಈ ಮೂರರಲ್ಲಿ ಒಂದಕ್ಕೆ 30, 60, 90 ಹೀಗೆ ಕೂಡಿಸಿದ ಜಾಗದಲ್ಲೇ ಸಿಗಬೇಕು.

ಜರಡಿಯ ಮೇಲೆ ಜರಡಿ ಹಾಕಿದರೂ ಎಷ್ಟು ಜೋಡಿ ಉಳಿಯಬಹುದು ಅಂತ 1923ರಲ್ಲಿ ಹಾರ್ಡಿ ಮತ್ತು ಲಿಟಲ್‌ವುಡ್ ಒಂದು ಅಂದಾಜು ಸೂತ್ರ ಕೊಟ್ಟರು. ನಮ್ಮ ರಾಮಾನುಜನ್ ಅವರನ್ನು ಕೇಂಬ್ರಿಡ್ಜಿಗೆ ಕರೆಸಿಕೊಂಡ ಹಾರ್ಡಿಯೇ ಇವರು. ಹತ್ತು ಲಕ್ಷದೊಳಗೆ ಅವರ ಸೂತ್ರ ಹೇಳುವುದು ಸುಮಾರು 8,248 ಜೋಡಿ. ನಿಜವಾಗಿ ಇರುವುದು 8,169. ಊಹೆಯ ಮಟ್ಟಿಗೆ ಅದ್ಭುತ. ಆದರೂ ಅದು ಸಾಧನೆಯಲ್ಲ. 113ರ ಹತ್ತಿರ ನಾನು ಎಡವಿದ್ದು ನೆನಪಿದೆಯಲ್ಲ?

ಅದಕ್ಕೂ ಮುಂಚೆ, 1919ರಲ್ಲಿ, ನಾರ್ವೆಯ ವಿಗೋ ಬ್ರೂನ್ ಒಂದು ವಿಚಿತ್ರ ಸಂಗತಿ ಸಾಧಿಸಿದ್ದ. ಎಲ್ಲ ಅವಿಭಾಜ್ಯ ಸಂಖ್ಯೆಗಳನ್ನೂ 1/2, 1/3, 1/5 ಹೀಗೆ ತಲೆಕೆಳಗು ಮಾಡಿ ಕೂಡುತ್ತಾ ಹೋದರೆ ಮೊತ್ತ ಮಿತಿಯಿಲ್ಲದೆ ಬೆಳೆಯುತ್ತದೆ. ನಿಧಾನವಾಗಿ ಬೆಳೆಯುತ್ತದೆ, ಆದರೆ ನಿಲ್ಲುವುದಿಲ್ಲ. ಇದನ್ನು ಆಯ್ಲರ್ 18ನೇ ಶತಮಾನದಲ್ಲೇ ಹೇಳಿದ್ದ. ಅವಳಿಗಳನ್ನಷ್ಟೇ ಹಾಗೆ ಕೂಡಿದರೆ? ಮೊತ್ತ ಒಂದು ಮಿತಿಯನ್ನು ದಾಟುವುದೇ ಇಲ್ಲ ಅಂತ ಬ್ರೂನ್ ತೋರಿಸಿದ. ಆ ಮಿತಿ ಸುಮಾರು 1.902 ಅಂತ ಅಂದಾಜು. ಹಾಗಂತ ಅವಳಿಗಳು ಮುಗಿದುಹೋಗುತ್ತವೆ ಅಂತ ಅರ್ಥವಲ್ಲ. 1/2, 1/4, 1/8 ಅಂತ ಕೊನೆಯಿಲ್ಲದೆ ಕೂಡಿದರೂ 1 ದಾಟುವುದಿಲ್ಲ ಅಲ್ವಾ, ಹಾಗೆ. ಅವಳಿಗಳು ತೀರಾ ವಿರಳ ಅಂತ ಮಾತ್ರ ಇದು ಹೇಳುತ್ತದೆ.

ಈ 1.902ರ ಹಿಂದೆ ಒಂದು ಮಜವಾದ ಕತೆ ಇದೆ. 1994ರಲ್ಲಿ ಅಮೆರಿಕದ ಥಾಮಸ್ ನೈಸ್ಲಿ ಎಂಬ ಪ್ರೊಫೆಸರ್ ಕಂಪ್ಯೂಟರಿನಲ್ಲಿ ಇದೇ ಮೊತ್ತವನ್ನು ಇನ್ನೂ ನಿಖರವಾಗಿ ಲೆಕ್ಕ ಹಾಕುತ್ತಿದ್ದರು. ಉತ್ತರ ಹೊಂದುತ್ತಿರಲಿಲ್ಲ. ಹುಡುಕುತ್ತಾ ಹೋದರೆ ತಪ್ಪು ಅವರದ್ದಲ್ಲ, 8,24,63,37,02,441 ಮತ್ತು ಅದರ ಅವಳಿ 443ರಲ್ಲಿ ಮುಗಿಯುವ ಸಂಖ್ಯೆಯಿಂದ 1ನ್ನು ಭಾಗಿಸುವಾಗ ಇಂಟೆಲ್‌ನ ಹೊಸ ಪೆಂಟಿಯಂ ಚಿಪ್ಪೇ ತಪ್ಪು ಉತ್ತರ ಕೊಡುತ್ತಿತ್ತು. ಕೊನೆಗೆ ಕಂಪನಿ ಚಿಪ್ಪು ಬದಲಿಸಿಕೊಡಬೇಕಾಯಿತು. ಖರ್ಚು 47.5 ಕೋಟಿ ಡಾಲರ್. ಅವಳಿ ಸಂಖ್ಯೆಯಿಂದ ಯಾರಿಗೆ ಏನು ಪ್ರಯೋಜನ ಅಂತ ಕೇಳುವವರಿಗೆ ನಾನು ಈ ಕತೆ ಹೇಳಿ ಸುಮ್ಮನಾಗುತ್ತೇನೆ.

ಮುಖ್ಯ ಪ್ರಶ್ನೆಗೆ ಎರಡು ಕಡೆಯಿಂದ ಹತ್ತಿರ ಹೋಗಿದ್ದಾರೆ. 1973ರಲ್ಲಿ ಚೀನಾದ ಚೆನ್ ಜಿಂಗ್‌ರುನ್ ಪೂರ್ತಿ ಸಾಧನೆ ಪ್ರಕಟಿಸಿದರು: ತನಗಿಂತ 2 ಜಾಸ್ತಿ ಇರುವ ಸಂಖ್ಯೆ ಅವಿಭಾಜ್ಯ ಅಥವಾ ಎರಡೇ ಅವಿಭಾಜ್ಯಗಳ ಗುಣಲಬ್ಧ ಆಗಿರುವಂಥ ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ. ಅಂದರೆ ಅಂತರ ಸರಿಯಾಗಿ 2 ಸಿಕ್ಕಿತು, ಆದರೆ ಜೊತೆಗಾರ ಸ್ವಲ್ಪ ಕಲಬೆರಕೆ ಇರಬಹುದು.

ಇನ್ನೊಂದು ದಾರಿ: ಇಬ್ಬರೂ ಅಪ್ಪಟ ಅವಿಭಾಜ್ಯ ಇರಲಿ, ಅಂತರ ಬೇಕಾದರೆ ಜಾಸ್ತಿ ಇರಲಿ. 2013ರಲ್ಲಿ ಯಿಟಾಂಗ್ ಝಾಂಗ್ ಎಂಬುವವರು, ಅಂತರ 7 ಕೋಟಿಗಿಂತ ಕಡಿಮೆ ಇರುವ ಅವಿಭಾಜ್ಯ ಜೋಡಿಗಳಿಗೆ ಕೊನೆಯಿಲ್ಲ ಅಂತ ಸಾಧಿಸಿದರು. ಎರಡೆಲ್ಲಿ, ಏಳು ಕೋಟಿ ಎಲ್ಲಿ ಅಂತ ನಗಬೇಡಿ. ಅದಕ್ಕೂ ಮುಂಚೆ ಯಾವ ಮಿತಿಯೂ ಇರಲಿಲ್ಲ. ಝಾಂಗ್ ಆಗ ಐವತ್ತು ದಾಟಿದ, ಹೆಚ್ಚು ಜನಕ್ಕೆ ಗೊತ್ತೇ ಇರದ ಅಧ್ಯಾಪಕ. ಪಿಎಚ್‌ಡಿ ಮುಗಿಸಿದ ಮೇಲೆ ಒಳ್ಳೆ ಕೆಲಸ ಸಿಗದೆ ಒಂದಷ್ಟು ಕಾಲ ಸ್ಯಾಂಡ್‌ವಿಚ್ ಅಂಗಡಿಯ ಲೆಕ್ಕ ಬರೆದವರು. ಅದೇ ವರ್ಷ ಜೇಮ್ಸ್ ಮೇನಾರ್ಡ್ ಬೇರೆ ದಾರಿಯಿಂದ ಮಿತಿಯನ್ನು 600ಕ್ಕೆ ಇಳಿಸಿದರು. 2014ರ ಹೊತ್ತಿಗೆ ಟೆರೆನ್ಸ್ ಟಾವ್ ಮುಂದಾಳತ್ವದಲ್ಲಿ ಹಲವರು ಕೂಡಿ ಅದನ್ನು 246ಕ್ಕೆ ತಂದರು. ಇರುವ ಜರಡಿಗಳಿಗೆ ಅಲ್ಲಿಂದ 2ರವರೆಗೆ ಬರುವ ತಾಕತ್ತಿಲ್ಲ. ಹೊಸ ಉಪಾಯವೇ ಬೇಕು.

ಮತ್ತೆ ಕೂಡುವ ಲೆಕ್ಕಕ್ಕೆ ಬರೋಣ, ಯಾಕಂದರೆ ಅಲ್ಲಿ ಕೈಯಾಡಿಸಬಹುದು. ಅವಳಿಯೇ ಆಗಬೇಕಿಲ್ಲ, ಒಂದರ ಹಿಂದೆ ಒಂದು ಬರುವ ಯಾವುದೇ ಎರಡು ಬೆಸ ಅವಿಭಾಜ್ಯ ಸಂಖ್ಯೆಗಳನ್ನು ಕೂಡಿ. ಆ ಮೊತ್ತ ಯಾವತ್ತೂ ಒಂದು ಅವಿಭಾಜ್ಯದ ಎರಡರಷ್ಟು ಆಗುವುದಿಲ್ಲ. ಸಾಧನೆ ಎರಡೇ ಸಾಲು. ಮೊತ್ತದ ಅರ್ಧ ಅಂದರೆ ಅವೆರಡರ ನಟ್ಟನಡುವಿನ ಸಂಖ್ಯೆ. ಒಂದರ ಹಿಂದೆ ಒಂದು ಅಂದಮೇಲೆ ನಡುವೆ ಅವಿಭಾಜ್ಯ ಇರಲು ಸಾಧ್ಯವೇ ಇಲ್ಲ! ನನಗೆ ಇದು ಡಜನ್ ಲೆಕ್ಕಕ್ಕಿಂತ ಚಂದ ಕಾಣುತ್ತದೆ.

ಎರಡರ ಬದಲು ಮೂರು, ನಾಲ್ಕು, ಹತ್ತು ಕೂಡಿದರೆ? ಬಸ್ ಸ್ಟ್ಯಾಂಡಿನ ಕ್ಯೂ ನೆನಪಿಸಿಕೊಳ್ಳಿ. ಮೊತ್ತ ಕಡಿಮೆ ಇದ್ದರೆ ಹಿಂದೆ ಒಬ್ಬರನ್ನು ಸೇರಿಸಿ. ಜಾಸ್ತಿ ಆದರೆ ಮುಂದಿನವರನ್ನು ಬಸ್ ಹತ್ತಿಸಿ. 36 ಬೇಕು ಅಂದುಕೊಳ್ಳಿ. 2+3+5+7+11 ಅಂದರೆ 28, ಸಾಲದು. 13 ಸೇರಿಸಿದರೆ 41, ಜಾಸ್ತಿ. 2ನ್ನು ಬಿಟ್ಟರೆ 39. 3ನ್ನೂ ಬಿಟ್ಟರೆ 36! 5+7+11+13. ಅದೇ 36 ಅಂದರೆ 17+19 ಕೂಡ. ಹೀಗೆಯೇ 60 ಅಂದರೆ 29+31, ಮತ್ತೆ 11+13+17+19. ಮೊದಲ ಒಂಬತ್ತು ಅವಿಭಾಜ್ಯ ಸಂಖ್ಯೆಗಳನ್ನು, 2ರಿಂದ 23ರವರೆಗೆ, ಕೂಡಿದರೆ ದುಂಡಗೆ 100. ಅದು 47+53 ಕೂಡ ಹೌದು.

ದಾರಿಯಲ್ಲಿ ಸಿಕ್ಕ 41ನ್ನು ಬಿಡಬೇಡಿ. ಅದು ಸ್ವತಃ ಅವಿಭಾಜ್ಯ. 11+13+17 ಕೂಡ 41. 2ರಿಂದ 13ರವರೆಗಿನ ಆರು ಕೂಡಿದರೂ 41. ಒಂಟಿಯಾಗಿ ನಿಂತದ್ದನ್ನೂ ಲೆಕ್ಕಕ್ಕೆ ತಗೊಂಡರೆ ಮೂರು ಬಗೆ. ಇನ್ನೂ ಬೇಕಾ? 311 ನೋಡಿ. ಅದು ಒಂಟಿಯಾಗಿ ಅವಿಭಾಜ್ಯ, 313 ಅದರ ಅವಳಿ. 101+103+107 ಅಂದರೆ 311. 53ರಿಂದ 71ರವರೆಗಿನ ಐದು ಕೂಡಿದರೆ 311. 31ರಿಂದ 59ರವರೆಗಿನ ಏಳು ಕೂಡಿದರೆ 311. 11ರಿಂದ 47ರವರೆಗಿನ ಹನ್ನೊಂದು ಕೂಡಿದರೂ 311. ಐದು ಬಗೆ. ಇತ್ತ 4, 6, 9ರಂಥವಕ್ಕೆ ಒಂದು ಬಗೆಯೂ ಇಲ್ಲ.

ಹಾಗಾದರೆ ಸರಾಸರಿ ಒಂದು ಸಂಖ್ಯೆಗೆ ಎಷ್ಟು ಬಗೆ? ಇದಕ್ಕೆ ಉತ್ತರ ಇದೆ. 1963ರಲ್ಲಿ ಲಿಯೋ ಮೋಸರ್ ಲೆಕ್ಕ ಹಾಕಿ ತೋರಿಸಿದ ಪ್ರಕಾರ, ಮುಂದೆ ಮುಂದೆ ಹೋದಂತೆ ಆ ಸರಾಸರಿ 2ರ ಸಹಜ ಲಾಗರಿಥಮ್‌ಗೆ, ಅಂದರೆ ಸುಮಾರು 0.693ಕ್ಕೆ ಹತ್ತಿರವಾಗುತ್ತದೆ. ಒಂದೊಂದು ಸಂಖ್ಯೆ ಏನು ಮಾಡುತ್ತದೋ ಹೇಳಲಾಗದು, ಗುಂಪಾಗಿ ಮಾತ್ರ ಶಿಸ್ತಿನಲ್ಲಿರುತ್ತವೆ.

ಇದನ್ನೆಲ್ಲ ಹುಡುಗಿಗೆ ಹೇಳಿ, ಕ್ಯೂ ಉಪಾಯ ತೋರಿಸಿ, ನಾನು ಎಡವಿದ 240ನ್ನೇ ಅವಳ ಕೈಗೆ ಕೊಟ್ಟೆ. ಮೂರು ದಿನ ಬಿಟ್ಟು ನೋಟ್‌ಬುಕ್ಕಿನ ಫೋಟೋ ವಾಟ್ಸಾಪಿಗೆ ಬಂತು. ಮೊದಲ ಸಾಲು ನನಗೆ ಗೊತ್ತಿದ್ದದ್ದೇ, 113+127. ಎರಡನೆಯದು 53+59+61+67. ಮೂರನೇ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಳು, ಕೆಳಗೆ "ಗೇಟು ನೋಡು ಮಾಮಾ" ಅಂತ ಬರೆದು: 17+19+23+29+31+37+41+43.